ರಸ್ತೆ ಬದಿಯಲ್ಲಿ ಟ್ರಕ್ ನಿಲ್ಲಿಸಿ ಲೆವೆಲ್ 1 ತಪಾಸಣೆ ಮಾಡಿದರೆ ಏನೇನು ನೋಡುತ್ತಾರೆ?

ನೀವು ಅಮೆರಿಕದಲ್ಲಿ ಹೊಸದಾಗಿ ಟ್ರಕ್ ಓಡಿಸಲು ಶುರು ಮಾಡಿದ್ದೀರಿ. ಲೆವೆಲ್ 1 ತಪಾಸಣೆಯಲ್ಲಿ ಏನು ನೋಡುತ್ತಾರೆ, ಯಾವುದಕ್ಕೆ ಗಾಡಿಯನ್ನು ಅಲ್ಲೇ ನಿಲ್ಲಿಸಿಬಿಡುತ್ತಾರೆ ಅಂತ ಕೇಳಿದ್ದೀರಿ. ನಾನೂ ಇಲ್ಲೇ ಹದಿನೆಂಟು ಚಕ್ರದ ಗಾಡಿ ಓಡಿಸುತ್ತೇನೆ. ಒಂದೇ ಮಾತಲ್ಲಿ ಹೇಳುವುದಾದರೆ, ಅಧಿಕಾರಿಗೆ ಹೆದರಬೇಡಿ, ಬ್ರೇಕ್ ಕಡೆ ಗಮನ ಕೊಡಿ.

ಅಧಿಕಾರಿ ತನಗೆ ತೋಚಿದ್ದನ್ನೆಲ್ಲ ನೋಡುತ್ತಾ ಹೋಗುವುದಿಲ್ಲ. ಸಿವಿಎಸ್‌ಎ (ಕಮರ್ಷಿಯಲ್ ವೆಹಿಕಲ್ ಸೇಫ್ಟಿ ಅಲಯನ್ಸ್) ಅನ್ನುವ ಸಂಸ್ಥೆ ಗೊತ್ತುಮಾಡಿದ 37 ಹಂತಗಳಿವೆ. ಅಮೆರಿಕ, ಕೆನಡಾ, ಮೆಕ್ಸಿಕೋ ಮೂರೂ ಕಡೆ ಅದೇ ಕ್ರಮ. ಲೆವೆಲ್ 2 ಅಂದರೆ ಗಾಡಿ ಕೆಳಗೆ ನುಗ್ಗದೆ ಸುತ್ತಲೂ ನೋಡುವುದು. ಲೆವೆಲ್ 3ರಲ್ಲಿ ಚಾಲಕ ಮತ್ತು ಕಾಗದಪತ್ರ ಮಾತ್ರ. ಲೆವೆಲ್ 1ರಲ್ಲಿ ಎಲ್ಲವೂ, ಗಾಡಿಯ ಹೊಟ್ಟೆ ಸಮೇತ.

ಮೊದಲು ನಿಮ್ಮ ಸರದಿ. ಲೈಸೆನ್ಸ್, ಮೆಡಿಕಲ್ ಸರ್ಟಿಫಿಕೇಟ್, ಗಾಡಿಯ ರಿಜಿಸ್ಟ್ರೇಷನ್, ಲೋಡಿನ ಕಾಗದ ಕೇಳುತ್ತಾರೆ. ಆಮೇಲೆ ಇಎಲ್‌ಡಿ, ಅಂದರೆ ನೀವು ಓಡಿಸಿದ ಗಂಟೆಗಳ ಲಾಗ್ ಇಡುವ ಎಲೆಕ್ಟ್ರಾನಿಕ್ ಸಾಧನ. 10 ಗಂಟೆ ವಿಶ್ರಾಂತಿ ಆದ ಮೇಲೆ 14 ಗಂಟೆಯೊಳಗೆ 11 ಗಂಟೆ ಮಾತ್ರ ಓಡಿಸಬಹುದು ಅನ್ನುವುದು ನಿಮಗೆ ಗೊತ್ತೇ ಇದೆ. ಇವತ್ತಿನದು ಮತ್ತು ಹಿಂದಿನ 7 ದಿನದ ಲಾಗ್ ತೋರಿಸಬೇಕು. ಅದನ್ನು ಅಧಿಕಾರಿಗೆ ಹೇಗೆ ಕಳಿಸುವುದು ಅಂತ ಇವತ್ತೇ ಕಲಿತುಕೊಳ್ಳಿ, ಅವರ ಮುಂದೆ ನಿಂತು ಬಟನ್ ಹುಡುಕಬೇಡಿ. 8 ದಿನಕ್ಕೆ ಸಾಕಾಗುವಷ್ಟು ಖಾಲಿ ಲಾಗ್ ಹಾಳೆಗಳೂ ಕ್ಯಾಬಿನಲ್ಲಿ ಇರಬೇಕು, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಇನ್ನೊಂದು ವಿಷಯ. 2025ರ ಜೂನ್ 25ರಿಂದ ಇಂಗ್ಲಿಷಿನಲ್ಲಿ ಮಾತಾಡಿ ಉತ್ತರಿಸಲು ಆಗದ ಚಾಲಕನನ್ನೂ ಅಲ್ಲೇ ನಿಲ್ಲಿಸಬಹುದು. ಉಚ್ಚಾರಣೆ ಹೇಗಿದ್ದರೂ ಪರವಾಗಿಲ್ಲ, ಕೇಳಿದ್ದು ಅರ್ಥವಾಗಿ ಉತ್ತರ ಬಂದರೆ ಆಯಿತು.

ಈಗ ಬ್ರೇಕ್. ಚಕ್ರಗಳಿಗೆ ಅಡೆ ಕೊಟ್ಟು, ಎಂಜಿನ್ ಆಫ್ ಮಾಡಿಸಿ, ಪಾರ್ಕಿಂಗ್ ಬ್ರೇಕಿನ ಎರಡೂ ಗುಂಡಿ ಒಳಗೆ ಒತ್ತಿಸಿ ಅದನ್ನು ಬಿಡಿಸುತ್ತಾರೆ. ಬ್ರೇಕಿನ ಗಾಳಿಯ ಒತ್ತಡ 90ರಿಂದ 100 ಪಿಎಸ್‌ಐ ಇರಬೇಕು. ಅಧಿಕಾರಿ ಕೆಳಗೆ ಜಾರಿ, ಪ್ರತಿ ಬ್ರೇಕ್ ಚೇಂಬರಿನಿಂದ (ಗಾಳಿ ತುಂಬುವ ಡಬ್ಬಿ) ಹೊರಗೆ ಬಂದು ಬ್ರೇಕನ್ನು ತಳ್ಳುವ ಸರಳು, ಅಂದರೆ ಪುಶ್‌ರಾಡ್ ಮೇಲೆ ಚಾಕ್‌ಪೀಸಿನಿಂದ ಗುರುತು ಹಾಕುತ್ತಾರೆ. ಆಮೇಲೆ ಕೆಳಗಿನಿಂದಲೇ ಬ್ರೇಕ್ ಒತ್ತಲು ಕೂಗುತ್ತಾರೆ. ನೀವು ಪೂರ್ತಿ ಒತ್ತಿ, ಬಿಡಿ ಅನ್ನುವವರೆಗೂ ಹಾಗೇ ಹಿಡಿದಿರಬೇಕು. ಆ ಗುರುತು ಎಷ್ಟು ಮುಂದೆ ಸರಿಯಿತು ಅಂತ ಅಳೆಯುತ್ತಾರೆ. ಸಾಮಾನ್ಯವಾಗಿ ಕಾಣುವ ಟೈಪ್ 30 ಅಳತೆಯ ಚೇಂಬರಿಗೆ ಮಿತಿ 2 ಇಂಚು, ಪುಶ್‌ರಾಡ್ ಹೆಚ್ಚು ದೂರ ಸರಿಯುವ ಲಾಂಗ್ ಸ್ಟ್ರೋಕ್ ಆದರೆ ಎರಡೂವರೆ. ಅದೇ ಹೊತ್ತಿಗೆ ಎಲ್ಲಾದರೂ ಗಾಳಿ ಸೋರುವ ಸದ್ದು ಇದೆಯಾ ಅಂತಲೂ ಕಿವಿಗೊಟ್ಟು ಕೇಳುತ್ತಾರೆ.

ಲೆಕ್ಕ ಇರುವುದು ಇಲ್ಲಿ. ಒಟ್ಟು ಬ್ರೇಕುಗಳಲ್ಲಿ ಶೇಕಡಾ 20 ಕೆಟ್ಟಿದ್ದರೆ ಗಾಡಿ ಔಟ್ ಆಫ್ ಸರ್ವಿಸ್. ಐದು ಆಕ್ಸಲ್ ಗಾಡಿಗೆ 10 ಬ್ರೇಕ್, ಅಂದರೆ ಬರೀ ಎರಡು ಮಿತಿ ಮೀರಿದರೆ ಮುಗೀತು. ಸರಿಮಾಡುವವರೆಗೆ ಗಾಡಿ ಅಲ್ಲಿಂದ ಹೊರಡುವ ಹಾಗಿಲ್ಲ. ಓಡಿಸುವಾಗ ನಿಮಗೆ ಇದು ಗೊತ್ತೇ ಆಗದಿರಬಹುದು. ಮೆಲ್ಲಗೆ ಬ್ರೇಕ್ ಹಾಕಿದಾಗ ಗಾಡಿ ಚೆನ್ನಾಗೇ ನಿಲ್ಲುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಡ್ರಮ್ ಕಾದು ಹಿಗ್ಗಿದಾಗ ಪುಶ್‌ರಾಡ್ ಇನ್ನೂ ಮುಂದೆ ಹೋಗಬೇಕಾಗುತ್ತದೆ, ಆಗ ಅದಕ್ಕೆ ಹೋಗಲು ಜಾಗವೇ ಉಳಿದಿರುವುದಿಲ್ಲ.

ಇಲ್ಲಿ ಕೆಲವು ಹಳೆಯ ಚಾಲಕರು ಕೊಡುವ ಸಲಹೆ ನನಗೆ ಒಪ್ಪಿಗೆಯಿಲ್ಲ. ಸ್ಪ್ಯಾನರ್ ಹಾಕಿ ಸ್ಲ್ಯಾಕ್ ಅಡ್ಜಸ್ಟರನ್ನು (ಪುಶ್‌ರಾಡನ್ನು ಬ್ರೇಕಿಗೆ ಜೋಡಿಸುವ, ಸಡಿಲ ತೆಗೆಯುವ ತೋಳು) ಸ್ವಲ್ಪ ಬಿಗಿ ಮಾಡು ಅನ್ನುತ್ತಾರೆ. ಈಗಿನ ಗಾಡಿಗಳಲ್ಲಿ ಅದು ತಾನಾಗೇ ಬಿಗಿಯಾಗುವಂಥದ್ದು. ಆಗುತ್ತಿಲ್ಲ ಅಂದರೆ ಅಡ್ಜಸ್ಟರೋ, ಕ್ಯಾಮ್ ಬುಶಿಂಗೋ, ಬೇರೆ ಏನೋ ಸವೆದಿದೆ ಅಂತ ಅರ್ಥ. ಕೈಯಲ್ಲಿ ಬಿಗಿ ಮಾಡಿದರೆ ಅವತ್ತಿನ ಅಳತೆ ಸರಿ ಬರುತ್ತದೆ, ರೋಗ ಹಾಗೇ ಒಳಗಿರುತ್ತದೆ. ಮೆಕ್ಯಾನಿಕ್‌ಗೆ ತೋರಿಸಿ.

ಟೈರ್, ಲೈಟ್, ಲೋಡ್ ಕಟ್ಟಿದ್ದು ಇವೆಲ್ಲ ಬೆಳಿಗ್ಗೆ ಗಾಡಿ ಸುತ್ತ ಒಂದು ಸುತ್ತು ಹಾಕಿದರೆ ನಿಮಗೇ ಕಾಣುತ್ತದೆ. ಮುಂದಿನ ಟೈರಿನ ಗೀರುಗಳ ಆಳ ಇಂಚಿನ 32ರಲ್ಲಿ 4 ಭಾಗ, ಉಳಿದವಕ್ಕೆ 2 ಭಾಗ ಇರಲೇಬೇಕು. ಲೋಡ್ ಕಟ್ಟುವ ಪಟ್ಟಿ ಅಂಚಿನಲ್ಲಿ ಹರಿದಿದ್ದರೆ ಬದಲಿಸಿ, ಗಂಟು ಹಾಕಿ ಕಟ್ಟಬೇಡಿ.

ವರ್ಷಕ್ಕೊಮ್ಮೆ 72 ಗಂಟೆ ಎಲ್ಲ ಕಡೆ ಒಟ್ಟಿಗೆ ಜೋರಾಗಿ ತಪಾಸಣೆ ನಡೆಯುತ್ತದೆ, ರೋಡ್‌ಚೆಕ್ ಅಂತ, 1988ರಿಂದ ಇದೆ. ದಿನಾಂಕ ಮೊದಲೇ ತಿಳಿಸುತ್ತಾರೆ. ಆ ಮೂರು ದಿನ ರಜೆ ಹಾಕಿ ಮನೆಯಲ್ಲಿ ಕೂರುವವರೂ ಇದ್ದಾರೆ. ಉಳಿದ ದಿನ ಬ್ರೇಕ್ ತಾನಾಗೇ ಸರಿಹೋಗುತ್ತಾ ಅಂತ ಕೇಳಬೇಕು ಅನಿಸುತ್ತದೆ.

ತಪಾಸಣೆ ಮುಗಿದ ಮೇಲೆ ವರದಿ ಕೊಡುತ್ತಾರೆ. ಅದನ್ನು 24 ಗಂಟೆಯೊಳಗೆ ಕಂಪನಿಗೆ ತಲುಪಿಸಿ. ದೋಷ ಸರಿಮಾಡಿ, ಸಹಿ ಹಾಕಿ 15 ದಿನದೊಳಗೆ ವಾಪಸ್ ಕಳಿಸುವುದು ಕಂಪನಿಯ ಕೆಲಸ. ಮುಖ್ಯ ಭಾಗಗಳಲ್ಲಿ ತಪ್ಪೇನೂ ಸಿಗದಿದ್ದರೆ ಗಾಡಿಗೆ ಒಂದು ಸ್ಟಿಕ್ಕರ್ ಅಂಟಿಸುತ್ತಾರೆ, ಗರಿಷ್ಠ ಮೂರು ತಿಂಗಳು ನಡೆಯುತ್ತದೆ. ಅದು ಇದ್ದರೆ ಸಾಮಾನ್ಯವಾಗಿ ಮತ್ತೆ ಕೆಳಗೆ ನುಗ್ಗಿ ನೋಡುವುದಿಲ್ಲ. ಆದರೆ ಲೈಟ್ ಒಡೆದಿದ್ದು ಕಣ್ಣಿಗೆ ಬಿದ್ದರೆ ಸ್ಟಿಕ್ಕರ್ ಇದ್ದರೂ ನಿಲ್ಲಿಸುತ್ತಾರೆ.