ಐರ್ಲೆಂಡಿನ ರೈಲು ಮಾದರಿಗೆ ಓಓ ಹಳಿಯ 16.5 ಮಿ.ಮೀ. ಅಗಲ ಸಾಕೇ?

ಓಓ ಎಂದರೆ ನಿಜವಾದ ಒಂದು ಅಡಿಯನ್ನು 4 ಮಿ.ಮೀ.ಗೆ ಇಳಿಸುವ ಮಾದರಿ ಅಳತೆ. ಓಡಿಸುವ ಖುಷಿಗೆ ಅದರ ಹಳಿ ಸಾಕು. ಆದರೆ ಐರ್ಲೆಂಡಿನ ಮುಖ್ಯ ಮಾರ್ಗಗಳ ಗೇಜ್ (ಎರಡು ಹಳಿಗಳ ನಡುವಿನ ಅಂತರ) 5 ಅಡಿ 3 ಅಂಗುಲ (1600 ಮಿ.ಮೀ.). ಅಡಿಗೆ 4 ಮಿ.ಮೀ. ಲೆಕ್ಕದಲ್ಲಿ ಅದು 21 ಮಿ.ಮೀ. ಆಗುತ್ತದೆ. ಓಓ ಹಳಿ 4.5 ಮಿ.ಮೀ. ಕಿರಿದು, ಎದುರಿನಿಂದ ನೋಡಿದರೆ ಅದು ಎದ್ದು ಕಾಣುತ್ತದೆ.

21 ಮಿ.ಮೀ. ಹಳಿಗೆ ಹೋಗುವುದಾದರೆ ಮೊದಲು ಜೆ15 ವರ್ಗದ ಉಗಿ ಎಂಜಿನ್ ಕಟ್ಟಿ. 1866ರಿಂದ 1903ರವರೆಗೆ 111 ತಯಾರಾದ, ಐರ್ಲೆಂಡಿನ ನಿಜವಾದ ದುಡಿಮೆಗಾರ ಎಂಜಿನ್ ಇದು. ಇದರ ಸಿಲಿಂಡರುಗಳು ಚೌಕಟ್ಟಿನ ಒಳಗಿವೆ. 1939ರ 800 ವರ್ಗದ ಎಂಜಿನ್ನಿನಂತೆ ಹೊರ ಸಿಲಿಂಡರ್ ಇದ್ದರೆ, ಚಕ್ರ ಹೊರಗೆ ಸರಿದಾಗ ಮುಂದಿನ ಕ್ರ್ಯಾಂಕ್‌ಪಿನ್ನು (ಚಕ್ರಕ್ಕೆ ರಾಡ್ ಕೂಡುವ ಪಿನ್ನು) ಕ್ರಾಸ್‌ಹೆಡ್ಡಿಗೆ (ಪಿಸ್ಟನ್ ರಾಡಿನ ತುದಿಯಲ್ಲಿ ಜಾರುವ ತುಂಡು) ತಾಗುವ ಅಪಾಯ ಹೆಚ್ಚು.

ಓಓ ಕಿಟ್‌ನಲ್ಲಿ ಆಕ್ಸಲ್ ಮಾತ್ರ ಉದ್ದ ಮಾಡಬೇಡಿ. ಚೌಕಟ್ಟಿನ ಎರಡು ಪಕ್ಕಗಳ ನಡುವಿನ ಅಡ್ಡ ತುಂಡುಗಳಾದ ಸ್ಪೇಸರುಗಳನ್ನೂ ಅಗಲಿಸಿ. ಇಲ್ಲವಾದರೆ ಚಕ್ರಗಳು ಅಕ್ಕಪಕ್ಕ ವಾಲಾಡಿ, ಅವನ್ನು ಜೋಡಿಸುವ ಕಪ್ಲಿಂಗ್ ರಾಡ್ ಬಿಗಿಯುತ್ತದೆ. ಉಳಿದ ಸಡಿಲವನ್ನು ತೆಳು ವಾಷರಿನಿಂದ ತುಂಬಿ. ಚಕ್ರ ಸ್ಪ್ಲ್ಯಾಷರಿನ (ಚಕ್ರದ ಮೇಲಿನ ಹೊದಿಕೆ) ಒಳಮೈಗೆ ತಾಗಿದರೆ ವಿದ್ಯುತ್ ಶಾರ್ಟ್ ಆಗುತ್ತದೆ, ಅಲ್ಲಿ ಲೋಹ ಅರೆದು ತೆಗೆಯಿರಿ.

ಬಾಯ್ಲರ್ ಕೊಳ್ಳುವ ಮುನ್ನ ನೀವು ಕಟ್ಟುವ ನಂಬರಿನ ಎಂಜಿನ್ನಿನ, ನೀವು ಆರಿಸಿದ ಕಾಲದ ಫೋಟೋ ನೋಡಲೇಬೇಕು: ಸಂರಕ್ಷಿತ ಜೆ15 ನಂಬರ್ 186ಕ್ಕೆ ಬೆಲ್ಪೇರ್ (ಚೌಕ ತಲೆಯ) ಫೈರ್‌ಬಾಕ್ಸ್, 184ಕ್ಕೆ ದುಂಡು ತಲೆಯದು.