ಊಟದ ಡಬ್ಬಿಯ ಮುಚ್ಚಳ ಮತ್ತು ಸೆನ್ಸರಿ ಥೆರಪಿ

ಎಂಟು ವರ್ಷದ ಈ ಹುಡುಗನ ತಂದೆತಾಯಿ ಒಂದೇ ಪ್ರಶ್ನೆ ಹಿಡಿದು ಬಂದಿದ್ದರು: ಇಂದ್ರಿಯಗಳಿಗೆ ಅನುಭವ ಕೊಟ್ಟು ಚಲನೆ ಸುಧಾರಿಸಲು ನೋಡುವ ಸೆನ್ಸರಿ ಥೆರಪಿಯನ್ನು ಮುಂದುವರಿಸಬೇಕೇ, ನಿಲ್ಲಿಸಬೇಕೇ? (ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.) ಪಟ್ಟಣದ ಕೇಂದ್ರವೊಂದರಲ್ಲಿ ವಾರಕ್ಕೆರಡು ಸಲ ಜೋಕಾಲಿ, ದೊಡ್ಡ ಚೆಂಡು, ತೂಕದ ಜಾಕೆಟ್ ಎಲ್ಲವೂ ನಡೆದಿತ್ತು. ಹುಡುಗ ಖುಷಿಯಿಂದಲೇ ಹೋಗುತ್ತಿದ್ದ. ಆದರೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅಕ್ಷರಗಳು ಗೆರೆ ಬಿಟ್ಟು ಏರುತ್ತ ಇಳಿಯುತ್ತ ಹೋಗುತ್ತಿದ್ದವು. ಸಾರನ್ನ ಉಂಡೆದ್ದರೆ ಎದೆಯ ಮೇಲೂ ಒಂದಷ್ಟು ಅಗುಳು. “ಬುದ್ಧಿ ಚುರುಕಾಗಿದೆ ಮೇಡಂ, ಇಪ್ಪತ್ತರ ಮಗ್ಗಿಯವರೆಗೆ ತಡವರಿಸದೆ ಹೇಳುತ್ತಾನೆ. ಕೈಕಾಲು ಮಾತ್ರ ಅವನ ಮಾತು ಕೇಳುವುದಿಲ್ಲ” ಎಂದರು ತಾಯಿ. ಅಜ್ಜಿಯ ಪಾಲಿಗೆ ಇದು ಸೋಮಾರಿತನ, ತಂದೆಯ ಪಾಲಿಗೆ ಗಮನವಿಲ್ಲದಿರುವುದು.

ಸೋಮಾರಿತನ ಎಂಬ ಮಾತನ್ನು ಅವನ ಮುಂದೆ ಇನ್ನು ಆಡಬೇಡಿ ಎಂದು ಮೊದಲೇ ಕೇಳಿಕೊಂಡೆ. ಕೈಕಾಲುಗಳ ಚಲನೆ ಹೊಂದಿಕೊಳ್ಳದ ಈ ತೊಂದರೆಯನ್ನು ತಜ್ಞರು ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್ ಎನ್ನುತ್ತಾರೆ. ಡಿಸ್‌ಪ್ರಾಕ್ಸಿಯಾ ಎಂಬ ಹೆಸರೂ ಬಳಕೆಯಲ್ಲಿದೆ. 5ರಿಂದ 11 ವರ್ಷದ ಮಕ್ಕಳಲ್ಲಿ ಶೇ. 5ರಿಂದ 6ರಷ್ಟು ಮಂದಿಗೆ ಇದು ಇರುತ್ತದೆ. ನಾವು ಯೋಚಿಸದೆ ಮಾಡುವ ಕೆಲಸಕ್ಕೆ ಈ ಮಕ್ಕಳು ಪ್ರತಿಸಲವೂ ಯೋಚಿಸಿ ಕೈ ಹಾಕಬೇಕು. ಶಾಲೆ ಬಿಡುವ ಹೊತ್ತಿಗೆ ಅವರು ಸುಸ್ತಾಗಿ ಸಿಡುಕುವುದು ಅದಕ್ಕೇ.

ಇದನ್ನು ಹೌದು ಅಲ್ಲ ಎಂದು ಹೇಳಬೇಕಾದವರು ಮಕ್ಕಳ ವೈದ್ಯರು. ಈ ಹುಡುಗನ ಕಣ್ಣು ಮತ್ತು ನರಗಳ ತಪಾಸಣೆ ಆಗಿತ್ತು, ದೋಷವಿರಲಿಲ್ಲ. ಇದನ್ನು ಓದುವ ತಂದೆತಾಯಿಗೆ ಒತ್ತಿ ಹೇಳುತ್ತೇನೆ: ಕಲಿತ ಚಲನೆಯನ್ನು ಮಗು ಮರೆಯುತ್ತಿದ್ದರೆ, ಮುಗ್ಗರಿಸುವುದು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರಿ ಮೈಯನ್ನು ಮೇಲೆತ್ತಿಕೊಳ್ಳುತ್ತಿದ್ದರೆ, ಥೆರಪಿ ಕೇಂದ್ರ ಹುಡುಕುತ್ತ ಕೂರಬೇಡಿ. ಅದು ಸ್ನಾಯುವಿನ ಕಾಯಿಲೆಯೂ ಇರಬಹುದು. ತಡಮಾಡದೆ ವೈದ್ಯರ ಬಳಿ ಹೋಗಿ.

ಇನ್ನು ಅವರ ಪ್ರಶ್ನೆ. ಈ ಥೆರಪಿಯ ಹಿಂದಿರುವ ಸೆನ್ಸರಿ ಇಂಟಿಗ್ರೇಷನ್ ವಿಚಾರವನ್ನು ರೂಪಿಸಿದವರು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕಿ) ಜೀನ್ ಏರ್ಸ್. ಒಳಕಿವಿಯಿಂದ ಬರುವ ಸಮತೋಲನದ ಸುಳಿವು, ಕೀಲು ಮತ್ತು ಸ್ನಾಯುಗಳು ಕೊಡುವ ಸುಳಿವು, ಸ್ಪರ್ಶ ಇವೆಲ್ಲ ಮಿದುಳಿನಲ್ಲಿ ಸರಿಯಾಗಿ ಕೂಡಿಕೊಂಡರೆ ಚಲನೆ ಸುಧಾರಿಸುತ್ತದೆ ಎಂಬುದು ಅದರ ತಿರುಳು. ಜೋಕಾಲಿಯಲ್ಲಿ ತೂಗಿದ ಮೇಲೆ ಕೆಲವು ಮಕ್ಕಳು ಶಾಂತವಾಗಿ ಕೂರುವುದನ್ನು ನಾನು ಕಂಡಿದ್ದೇನೆ. ಆದರೆ ಗುಂಡಿ ಹಾಕುವುದು ಜೋಕಾಲಿಯಿಂದ ಬರುವುದಿಲ್ಲ. ಈಜು ಕಲಿಯಲು ನೀರಿಗೆ ಇಳಿಯಲೇಬೇಕು. ಇಂಥ ಚಿಕಿತ್ಸೆಗೆ ಪುರಾವೆ ಸೀಮಿತವೆಂದು ಪೋಷಕರಿಗೆ ತಿಳಿಸಬೇಕು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಹೇಳಿದೆ. ಈ ತೊಂದರೆಯ ಬಗ್ಗೆ 2019ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಮಗುವಿಗೆ ಬೇಕಾದ ಕೆಲಸವನ್ನೇ ನೇರವಾಗಿ ಅಭ್ಯಾಸ ಮಾಡಿಸುವುದಕ್ಕೆ ಒತ್ತು ಕೊಡುತ್ತದೆ.

ಹಾಗಾದರೆ ಯಾವ ಕೆಲಸ? ತಂದೆ “ಅಕ್ಷರ” ಎಂದರು, ತಾಯಿ “ಗುಂಡಿ” ಎಂದರು. ಹುಡುಗನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಕೇಳಿದಾಗ ಬಹಳ ಹೊತ್ತು ನೆಲ ನೋಡಿ, “ಊಟದ ಡಬ್ಬಿ” ಎಂದ. ಸ್ಟೀಲ್ ಡಬ್ಬಿಯ ಮುಚ್ಚಳ ಬಿಗಿ. ದಿನವೂ ಟೀಚರ್ ಬಳಿ ಒಯ್ಯಬೇಕು, ಹುಡುಗರು ನಗುತ್ತಾರೆ. ತಾಯಿಗೆ ಇದು ಗೊತ್ತೇ ಇರಲಿಲ್ಲ.

ಡಬ್ಬಿಯನ್ನು ಅವನ ಮುಂದಿಟ್ಟೆ. ಎರಡೂ ಕೈಯಲ್ಲಿ ಗಾಳಿಯಲ್ಲಿ ಹಿಡಿದು ಎಳೆಯುತ್ತಿದ್ದ. ಡಬ್ಬಿಯೂ ಮುಚ್ಚಳವೂ ಒಟ್ಟಿಗೆ ತಿರುಗುತ್ತಿದ್ದವು. ನಾನು ತೋರಿಸಿಕೊಡಲಿಲ್ಲ. “ಏನು ಮಾಡಬೇಕು? ಹೇಗೆ ಮಾಡುತ್ತೀಯ? ಮಾಡು. ಆಯಿತೇ?” ಎಂದಷ್ಟೇ ಕೇಳುತ್ತಾ ಹೋದೆ. ಕೆನಡಾದಲ್ಲಿ ರೂಪುಗೊಂಡ ಕೋ-ಆಪ್ ಎಂಬ ವಿಧಾನದ ಹುರುಳು ಈ ನಾಲ್ಕು ಮಾತುಗಳಲ್ಲಿದೆ. ಕೊನೆಗೆ ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು, ಹೆಬ್ಬೆರಳಿನಿಂದ ಅಂಚನ್ನು ಸುತ್ತಲೂ ಸ್ವಲ್ಪಸ್ವಲ್ಪವೇ ತಳ್ಳುವುದನ್ನು ಅವನೇ ಕಂಡುಕೊಂಡ. ತಂದೆ ಎರಡು ಸಲ ಕೈಚಾಚಿದ್ದರು. ತಾಯಿ ಹಿಡಿದು ಕೂರಿಸಿದರು.

ಕೇಂದ್ರದ ಬಗ್ಗೆ ನಾನು ಕೊಟ್ಟ ಸಲಹೆ ಹೀಗಿತ್ತು: ಮೂರು ತಿಂಗಳಲ್ಲಿ ಇವನು ಯಾವ ಕೆಲಸವನ್ನು ತಾನೇ ಮಾಡುತ್ತಾನೆ ಎಂದು ಅಲ್ಲಿಯ ಥೆರಪಿಸ್ಟರನ್ನು ಕೇಳಿ. ಸ್ಪಷ್ಟ ಉತ್ತರ ಸಿಕ್ಕರೆ ಮುಂದುವರಿಯಿರಿ. ಸಿಗದಿದ್ದರೆ ಸಾಲ ಮಾಡಿ ಶುಲ್ಕ ಕಟ್ಟಬೇಡಿ. ಮೈಗೆ ಬೇಕಾದ ಭಾರದ ಕೆಲಸ ಮನೆಯಲ್ಲೇ ಇದೆ. ಚಪಾತಿ ಹಿಟ್ಟು ನಾದಲಿ, ನೀರಿನ ಬಿಂದಿಗೆ ಹೊರಲಿ, ಅಂಗಳದಲ್ಲಿ ಕುಂಟೆಬಿಲ್ಲೆ ಆಡಲಿ. ಬೇಡವೆಂದರೆ ಬಲವಂತ ಬೇಡ. ಗುಂಡಿಯನ್ನು ಕಣ್ಣಿಗೆ ಕಾಣುವ ಕೆಳಗಿನದರಿಂದ ಶುರು ಮಾಡಿ; ಅರ್ಧ ನೀವು ತೂರಿಸಿ, ಎಳೆದು ಮುಗಿಸುವುದು ಅವನಿಗಿರಲಿ. ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ಇದೆಲ್ಲ ಬೇಡ, ರಜೆಯ ದಿನ ಸಾಕು.

ಬರವಣಿಗೆ ಇನ್ನೂ ನಿಧಾನವೇ ಇದೆ, ಅದು ಬೇಗ ಸರಿಹೋಗುತ್ತದೆ ಎಂದು ನಾನು ಭರವಸೆ ಕೊಟ್ಟಿಲ್ಲ. ಬೋರ್ಡಿನಿಂದ ನಕಲು ಮಾಡಿಸುವುದನ್ನು ಕಡಿಮೆ ಮಾಡಲು, ಉತ್ತರವನ್ನು ಬಾಯಲ್ಲಿ ಹೇಳಿದರೂ ಒಪ್ಪಲು ತರಗತಿಯ ಶಿಕ್ಷಕಿಗೆ ಪತ್ರ ಬರೆದುಕೊಟ್ಟೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ನಿರ್ದಿಷ್ಟ ಕಲಿಕಾ ನ್ಯೂನತೆಗಳ ವಿವರಣೆಯಲ್ಲಿ ಡಿಸ್‌ಪ್ರಾಕ್ಸಿಯಾವನ್ನೂ ಹೆಸರಿಸಿದೆ. ಮುಂದೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಬೇಕಾದರೆ ದಾಖಲೆ ಬೇಕಾಗುತ್ತದೆ. ವೈದ್ಯರ ವರದಿಗಳನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿಡಲು ತಂದೆಗೆ ಹೇಳಿದ್ದೇನೆ.