ಇಬ್ಬರೇ ಚಾರಣಕ್ಕೆ ಹೋದಾಗ ಒಬ್ಬರಿಗೆ ಹುಷಾರು ತಪ್ಪಿದರೆ ಏನು ಮಾಡಬೇಕು?

ಗೆಳೆಯನೊಂದಿಗೆ ಬೆಂಗಳೂರಿನಿಂದ ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣಕ್ಕೆ ಹೊರಟಿದ್ದೀರಿ. ದಾರಿಯಲ್ಲಿ ಒಬ್ಬರು ಕಾಯಿಲೆ ಬಿದ್ದರೆ ಇನ್ನೊಬ್ಬರು ಏನು ಮಾಡಬೇಕು, ಯಾವ ಔಷಧ ಒಯ್ಯಬೇಕು ಎಂದು ಕೇಳಿದ್ದೀರಿ. ಔಷಧದ ಮಾತು ಆಮೇಲಿರಲಿ. ಹೊರಡುವ ಮೊದಲೇ ಇಬ್ಬರೂ ಕೂತು ಒಂದು ಕರಾರು ಮಾಡಿಕೊಳ್ಳಿ: ಕೆಳಗಿಳಿಯಬೇಕೋ ಬೇಡವೋ ಎಂದು ತೀರ್ಮಾನಿಸುವವನು ಗಟ್ಟಿಯಾಗಿರುವವನು, ಮಲಗಿದವನಲ್ಲ.

ನಾನು ಹೋದಾಗ ಜೊತೆಗಿದ್ದವನು ನನ್ನ ಭಾವಮೈದುನ. ಭಾನುವಾರ ಬಂದರೆ ನಂದಿಬೆಟ್ಟಕ್ಕೆ ಸೈಕಲ್ ತುಳಿಯುವ ಆಳು. ನಾನೋ ಲಾಲ್‌ಬಾಗಿನಲ್ಲಿ ಒಂದು ಸುತ್ತು ಹಾಕಿ ಇಡ್ಲಿಗೆ ಕೂರುವವನು. ಮಲಗಿದ್ದು ಅವನೇ! ಮೇಲೇರಿದಾಗ ಆಮ್ಲಜನಕ ಸಾಲದೆ ಬರುವ ಎತ್ತರದ ಕಾಯಿಲೆ ಕಸರತ್ತಿನ ಮೈಯನ್ನು ನೋಡಿ ಹೆದರುವುದಿಲ್ಲ. ನಮ್ಮ ಊರೇ 900 ಮೀಟರ್ ಎತ್ತರದಲ್ಲಿದೆ ಎಂಬ ಸಮಾಧಾನವೂ ಬೇಡ; ಬೇಸ್ ಕ್ಯಾಂಪ್ ದಾರಿಯಲ್ಲಿ ರಾತ್ರಿ ತಂಗುವ ಲೊಬುಚೆ ಇರುವುದು 4,900 ಮೀಟರ್ ಆಸುಪಾಸಿನಲ್ಲಿ.

ಅಲ್ಲಿನ ಲಾಡ್ಜಿನಲ್ಲಿ ರಾತ್ರಿ ಅವನು ದಾಲ್‌ಭಾತ್ ಮುಂದಿಟ್ಟುಕೊಂಡು, ಅನ್ನವನ್ನು ಚಮಚದಿಂದ ತಟ್ಟೆಯ ಈ ಅಂಚಿನಿಂದ ಆ ಅಂಚಿಗೆ ಸರಿಸುತ್ತಾ ಕೂತಿದ್ದ. ತಲೆನೋವು ಬೆಳಿಗ್ಗೆಯೇ ಶುರುವಾಗಿತ್ತಂತೆ, ಬಾಯಿ ಬಿಟ್ಟಿರಲಿಲ್ಲ. ನಸುಕಿನಲ್ಲಿ ವಾಂತಿ. ಆಮೇಲೆ ಶೂ ಹಾಕಿಕೊಳ್ಳಲು ಬಗ್ಗಿದವನು ಲೇಸಿನ ಎರಡೂ ತುದಿ ಹಿಡಿದುಕೊಂಡು ಹಾಗೇ ಉಳಿದುಬಿಟ್ಟ. "ಇನ್ನೊಂದೇ ದಿನ ಅಲ್ಲವೇ ಭಾವ, ನೋಡಿಕೊಂಡೇ ಇಳಿಯೋಣ" ಎಂದ. ಹಲಗೆ ನೆಲದ ಗೆರೆಯ ಮೇಲೆ ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ನಡೆಸಿ ನೋಡಿದೆ. ತೂರಾಡಲಿಲ್ಲ. ಆದರೂ ಆ ಮಂಕುತನವೊಂದೇ ನನಗೆ ಸಾಕಿತ್ತು.

ತೂರಾಡಿದರೆ ಅಥವಾ ಮಾತು ತೊದಲಿದರೆ ಮಿದುಳು ಊದಿಕೊಳ್ಳುತ್ತಿರಬಹುದು. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮಿದರೆ ನೊರೆ ಕಫ ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದುಕೊಳ್ಳಿ. ಇವೆರಡರಲ್ಲೂ ರಾತ್ರಿಯೋ ಹಗಲೋ ಎಂದು ನೋಡುವಂತಿಲ್ಲ, ಇಳಿಸಲೇಬೇಕು.

ಅವನ ಚೀಲವನ್ನು ಪೋರ್ಟರ್ ಹೊತ್ತ, ಗೊಣಗಾಟವನ್ನು ನಾನು ಹೊತ್ತೆ. 4,371 ಮೀಟರಿನ ಫೆರಿಚೆಗೆ ಬಂದೆವು. ಅಲ್ಲಿ 1973ರಿಂದ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ಚಿಕಿತ್ಸಾಲಯವಿದೆ. ಚಾರಣದ ಋತುವಿನಲ್ಲಿ ವೈದ್ಯರಿರುತ್ತಾರೆ. ಅವರು ಪರೀಕ್ಷಿಸಿ, ಸದ್ಯಕ್ಕೆ ಮೇಲಿನ ಮಾತೇ ಬೇಡ ಎಂದರು. ಇಳಿದದ್ದು ಐನೂರು ಚಿಲ್ಲರೆ ಮೀಟರ್ ಅಷ್ಟೇ, ಸಂಜೆಗೆ ಅವನೇ ಬೆಳ್ಳುಳ್ಳಿ ಸೂಪ್ ಕೇಳಿ ಕುಡಿದ. ಬೇಸ್ ಕ್ಯಾಂಪ್ ನೋಡದೆ ಬಂದ ಸಿಟ್ಟು ಇನ್ನೂ ಇದೆ. ಇರಲಿ.

ಇನ್ನು ಔಷಧ. ಮುನ್ನೆಚ್ಚರಿಕೆಗೆ ಅಸೆಟಜೋಲಮೈಡ್, ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಎತ್ತರಕ್ಕೆ ಏರುವ ಹಿಂದಿನ ದಿನದಿಂದ. ಸಲ್ಫಾ ಔಷಧಗಳ ಅಲರ್ಜಿ ಇದ್ದರೆ ಮೊದಲೇ ವೈದ್ಯರಿಗೆ ತಿಳಿಸಿ. ಮಿದುಳಿನ ಊತಕ್ಕೆ ಕೊಡುವ ಡೆಕ್ಸಾಮೆಥಾಸೋನ್, ಶ್ವಾಸಕೋಶದ ನೀರಿಗೆ ಕೊಡುವ ನಿಫೆಡಿಪಿನ್ ಯಾವಾಗ, ಎಷ್ಟು ಎಂಬುದನ್ನೂ ಅವರಿಂದಲೇ ಬರೆಸಿಕೊಳ್ಳಿ. ಆದರೆ ಯಾವ ಮಾತ್ರೆಯೂ ಇಳಿಯುವುದಕ್ಕೆ ಬದಲಿಯಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರದಿರಲಿ, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಇರಲಿ. ಹೊಟ್ಟೆ ಕೆಡುವುದಂತೂ ಇದ್ದದ್ದೇ, ಓಆರ್‌ಎಸ್ ಪೊಟ್ಟಣಗಳನ್ನು ಧಾರಾಳವಾಗಿ ಒಯ್ಯಿರಿ.

ಇಬ್ಬರೇ ಹೋಗುವುದರ ತೊಡಕು ಬೇರೆಯೇ ಇದೆ. ಸಹಾಯ ತರಲು ಒಬ್ಬ ಓಡಿದರೆ ಕಾಯಿಲೆಯವನು ಒಂಟಿಯಾಗುತ್ತಾನೆ, ಅವನನ್ನು ಒಬ್ಬನೇ ಬಿಡುವಂತೆಯೂ ಇಲ್ಲ, ಒಬ್ಬನೇ ಇಳಿಸುವಂತೆಯೂ ಇಲ್ಲ. ಹಾಗಾಗಿ ಒಬ್ಬ ಗೈಡ್ ಅಥವಾ ಪೋರ್ಟರನ್ನು ಗೊತ್ತುಮಾಡಿಕೊಳ್ಳಿ. ಅಲ್ಲಿ ಜಿಪುಣತನ ಬೇಡ. ವಿಮೆ ಕೊಳ್ಳುವಾಗ ಹೆಲಿಕಾಪ್ಟರ್ ಖರ್ಚು ಸೇರಿದೆಯೇ, ಎಷ್ಟು ಮೀಟರ್ ಎತ್ತರದವರೆಗೆ ಎಂದು ಓದಿ ನೋಡಿ. ಮೋಡ ಕವಿದರೆ ಅದೂ ಹಾರುವುದಿಲ್ಲ. ಅದು ಬರಲಿ ಎಂದು ಮೇಲೇ ಕಾಯುತ್ತಾ ಕೂರದೆ, ಕಾಲು ನಡೆಯುವಷ್ಟು ಹೊತ್ತು ಇಳಿಯುತ್ತಲೇ ಇರಿ.